ಕುಪ್ಪೇಲೂರಿನ ಪಡಸಾಲೆಯಲ್ಲಿ ದಾಲಿಯನ್

ಕೊರೊನಾ ಬರುವ ಹಿಂದಿನ ಚಳಿಗಾಲದ ಮಾತು. ನಾನಾಗ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿದ್ದೆ. ನಮ್ಮ ರೈತರು ನೆಟ್ ಕಟ್ಟಿ, ಕೈಯಿಂದಲೇ ಒಂದು ಹೂವಿನ ಪರಾಗ ಇನ್ನೊಂದಕ್ಕೆ ಮುಟ್ಟಿಸಿ ಕ್ರಾಸಿಂಗ್ ಮಾಡಿ ತೆಗೆದ ಮೆಣಸಿನ ಬೀಜ ಹೊರದೇಶಕ್ಕೆ ಹೋಗುತ್ತಿತ್ತು. ಕೊಳ್ಳುವವರು ಬಂದರೆ ಹೊಲ ತೋರಿಸುವುದು, ಅವರ ಇಂಗ್ಲಿಷನ್ನು ರೈತರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಮನೆಯಲ್ಲಿ ಉರ್ದು ಮಾತಾಡಿ ಬೆಳೆದವಳಿಗೆ ಒಂದು ಮಾತಿನಿಂದ ಇನ್ನೊಂದಕ್ಕೆ ಜಿಗಿಯುವುದು ಕಷ್ಟವೆನಿಸುತ್ತಿರಲಿಲ್ಲ. ಅಂದು ಅನಿಸಿತು.

ಆ ದಿನ ಇಬ್ಬರು ಬಂದಿದ್ದರು. ಒಬ್ಬರು ಎಂಬತ್ತು ದಾಟಿದ ಜಪಾನಿನ ಮುದುಕರು, ಮೆಣಸಿನ ತಳಿ ಮಾಡುವುದರಲ್ಲೇ ಆಯುಷ್ಯ ಕಳೆದವರು, ನಮ್ಮ ಕಂಪನಿಯ ಸಲಹೆಗಾರರು. ಇನ್ನೊಬ್ಬರು ಬೀಜ ಕೊಳ್ಳುವ ಚೀನಾದ ಕಂಪನಿಯ ಹೆಂಗಸು, ವಯಸ್ಸು ಐವತ್ತರ ಆಸುಪಾಸು. ಬೇರೆ ಬೇರೆ ಹೋಗಬೇಕಾದವರು. ಒಂದು ಗಾಡಿ ಕೆಟ್ಟು ನಿಂತಿದ್ದರಿಂದ ಇಬ್ಬರನ್ನೂ ಒಂದರಲ್ಲೇ ಕೂರಿಸಿಕೊಂಡು ಕುಪ್ಪೇಲೂರಿನ ಕಡೆ ಹೊರಟೆ.

ದಾರಿಯಲ್ಲಿ ಮುದುಕರು ಆಕೆಯ ಊರು ಕೇಳಿದರು. ದಾಲಿಯನ್ ಎಂದರು ಆಕೆ. ಮುದುಕರ ಮುಖ ಅರಳಿತು. ನಾವು ಅದನ್ನು ಡೈರೆನ್ ಅನ್ನುತ್ತೇವೆ, ನಾನು ಹುಟ್ಟಿದ್ದೂ ಅಲ್ಲೇ ಎಂದರು. ಅಲ್ಲಿನ ಟ್ರಾಮು, ಸಮುದ್ರದ ದಂಡೆ, ಬೇಸಿಗೆಯ ಮೊದಲಿಗೆ ಬೀದಿ ತುಂಬ ಘಮಘಮಿಸುವ ಬಿಳಿ ಹೂವಿನ ಮರಗಳು ಎಲ್ಲ ಹೇಳಿಕೊಂಡರು. ಪರದೇಶದಲ್ಲಿ ಇಬ್ಬರು ಒಂದೇ ಊರಿನವರು ಸಿಕ್ಕರಲ್ಲ ಎಂದು ನನಗೆ ಖುಷಿ. ತಿರುಗಿ ನೋಡಿದರೆ ಆಕೆ ಕಿಟಕಿಯ ಕಡೆ ಮುಖ ಮಾಡಿ ಚೀಲವನ್ನು ಬಿಗಿಯಾಗಿ ಹಿಡಿದು ಕೂತಿದ್ದರು.

ಹೊಲದಲ್ಲಿ ಆಕೆ ಯಾರ ಜೊತೆಯೂ ಮಾತಾಡಲಿಲ್ಲ. ಬೇರೆ ತಳಿಯ ಗಿಡ ಬೆರೆತಿದೆಯೇ ಎಂದು ಗಿಡ ಗಿಡದ ಕೊಂಬೆ ಎತ್ತಿ ನೋಡುತ್ತ ಹೋದರು. ಹೊಲದೊಡತಿ ಹಿಂದೆಯೇ ನಡೆಯುತ್ತಿದ್ದಳು. ಆಕೆ ಒಪ್ಪದೆ ಬೀಜದ ಪ್ಲಾಟು ಪಾಸಾಗದಿದ್ದರೆ ಅವಳ ಇಡೀ ಹಂಗಾಮಿನ ದುಡಿತ ಮಣ್ಣುಪಾಲು. ಊಟ ಆದಮೇಲೆ ಹೇಳುತ್ತೇನೆ ಎಂದಷ್ಟೇ ಆಕೆ ಅಂದರು.

ಹೊಲದೊಡತಿಯ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕೂತೆವು. ರೊಟ್ಟಿ, ಎಣ್ಣೆಗಾಯಿ ಆದಮೇಲೆ ಅನ್ನ ಬಂತು. ಹಿರಿಯರೆಂದು ಮೊದಲು ಮುದುಕರಿಗೆ ಬಡಿಸಿ, ಹೊಲದೊಡತಿ ಆಕೆಯ ಮುಂದೆ ಬಾಗಿದಳು. ಆಕೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, ಮುದುಕರನ್ನೇ ನೋಡುತ್ತ ಮಾತಾಡತೊಡಗಿದರು.

"ನಿಮ್ಮವರು ಆಳುತ್ತಿದ್ದಾಗ ನಮ್ಮೂರಿನಲ್ಲಿ ಅಕ್ಕಿ ನಿಮ್ಮವರಿಗೇ ಮೀಸಲು, ಚೀನಿಯರು ಅನ್ನ ಉಂಡರೆ ಅಪರಾಧವಾಗಿತ್ತು. ನಿಮಗೆ ಗೊತ್ತೇ?"

ದನಿ ಏರಲಿಲ್ಲ. ಆಕೆಯ ಅಜ್ಜಿಯ ತಮ್ಮ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದನಂತೆ. ಮನೆಯಲ್ಲಿ ಎಲ್ಲರಿಗೂ ಕಾಡಿನ ಓಕ್ ಮರದ ಕಾಯಿ ಬೀಸಿದ ಕಹಿ ಹಿಟ್ಟೇ ಗತಿ. ಜ್ವರ ಬಂದ ತನ್ನ ಮಗುವಿಗೆ ಗಂಜಿ ಮಾಡಲೆಂದು ಎಲ್ಲಿಂದಲೋ ಒಂದು ಹಿಡಿ ಅಕ್ಕಿ ತಂದು ಸೊಂಟಕ್ಕೆ ಕಟ್ಟಿಕೊಂಡಿದ್ದ. ಪೊಲೀಸರು ಹಿಡಿದರು. ತಿರುಗಿ ಬಂದಾಗ ಅವನಿಗೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ.

ಮುದುಕರ ತುತ್ತು ಕೈಯಲ್ಲೇ ಉಳಿಯಿತು. ನಾನಾಗ ಮಗು ಎಂದರು.

"ಜ್ವರ ಬಂದದ್ದೂ ಮಗುವಿಗೇ."

ಹೊಲದೊಡತಿ ಅನ್ನದ ಪಾತ್ರೆ ಹಿಡಿದು ನಿಂತೇ ಇದ್ದಳು. "ಏನಂತಾರ್ರಿ ಮೇಡಮ್ಮಾರ? ಪ್ಲಾಟ್ ಫೇಲ್ ಮಾಡ್ಯಾರೇನ್ರಿ?"

ಅವರಿಗೆ ಹೊಟ್ಟೆ ಸರಿಯಿಲ್ಲ ಎಂದುಬಿಡಬಹುದಿತ್ತು. ಆದರೆ ಮೂವರೂ ನನ್ನನ್ನೇ ನೋಡುತ್ತಿದ್ದರು. ಇದು ಪ್ಲಾಟಿನ ಮಾತಲ್ಲ ಅಕ್ಕಾರ ಎಂದು, ಆಕೆ ಹೇಳಿದ್ದನ್ನು ಕನ್ನಡದಲ್ಲಿ ಹೇಳಲು ಶುರು ಮಾಡಿದೆ. ಜಪಾನಿನವರು ಅಲ್ಲಿಗೆ ಬಂದದ್ದು ಹೇಗೆಂದು ನನಗೂ ತಿಳಿದಿರಲಿಲ್ಲ, ಆಕೆಯನ್ನೇ ಕೇಳಿದೆ. ಮೊದಲು ರಷ್ಯಾದವರು ಚೀನಾದಿಂದ ಆ ನೆಲವನ್ನು ಗುತ್ತಿಗೆಗೆ ಹಿಡಿದಿದ್ದರು, ಯುದ್ಧದಲ್ಲಿ ಅವರನ್ನು ಸೋಲಿಸಿ ಜಪಾನಿನವರು ಅದೇ ಗುತ್ತಿಗೆಯನ್ನು ತಮ್ಮದು ಮಾಡಿಕೊಂಡರು, ಮಹಾಯುದ್ಧ ಸೋಲುವ ತನಕ ಬಿಡಲಿಲ್ಲ ಎಂದರು. ಗುತ್ತಿಗೆ ಅನ್ನುವುದಕ್ಕೆ ನಾನು ನಮ್ಮ ಕಡೆಯ ಲಾವಣಿ ಎಂಬ ಮಾತು ಬಳಸಿದೆ.

ಹೊಲದೊಡತಿ ಅನ್ನದ ಪಾತ್ರೆ ಕೆಳಗಿಟ್ಟು ಕೇಳಿದಳು, "ಲಾವಣಿ ಹಿಡದವ್ರು ಹೊಲದವರಿಗೇ ಉಣ್ಣಾಕ ಕೊಡಲಿಲ್ಲೇನ್ರಿ?"

ಏನು ಹೇಳಿದಳು ಎಂದು ಮುದುಕರು ನನ್ನನ್ನು ಕೇಳಿದರು. ಅವರು ನಮ್ಮ ಕಂಪನಿಯ ಅತಿಥಿ, ನನ್ನ ಅಜ್ಜನ ವಯಸ್ಸಿನವರು. ಆದರೂ ಇದ್ದದ್ದು ಇದ್ದಂತೆ ಹೇಳಿದೆ.

ಅವರು ತುತ್ತನ್ನು ತಟ್ಟೆಯಲ್ಲಿ ಇಳಿಸಿದರು. ಅವರ ಮನೆಯಲ್ಲಿ ಅಡುಗೆಗೆ ಒಬ್ಬ ಚೀನಿ ಹೆಂಗಸು ಇದ್ದಳಂತೆ. ದಿನವೂ ಅಕ್ಕಿ ತೊಳೆದು ಅನ್ನ ಮಾಡುವವಳು ಅವಳೇ. ಒಮ್ಮೆ ಇವರು ಪ್ರೀತಿಯಿಂದ ತಮ್ಮ ಅನ್ನದ ಬಟ್ಟಲು ಅವಳ ಮುಂದೆ ಚಾಚಿದರೆ, ಅವಳು ಹೆದರಿ ಗೋಡೆಗೆ ಆತು ನಿಂತಳು. ಬಟ್ಟಲು ಬಿಸಿಯಿದ್ದಿರಬೇಕು ಅಂದುಕೊಂಡಿದ್ದರಂತೆ.

"ಗೊತ್ತಿರಲಿಲ್ಲ ಎಂದರೆ ಪೂರ್ತಿ ಸತ್ಯವಾಗುವುದಿಲ್ಲ," ಎಂದರು. "ದೊಡ್ಡವನಾದ ಮೇಲೆ ಓದಿದ್ದೆ. ನಮ್ಮ ಮನೆಯೂ ಅದರಲ್ಲಿ ಸೇರಿತ್ತೆಂದು ಮಾತ್ರ ಯೋಚಿಸಲಿಲ್ಲ."

ಕ್ಷಮೆಯ ಮಾತು ಆಡಹೊರಟಾಗ ಆಕೆ ತಡೆದರು. "ಅದನ್ನು ನಾನು ಕೇಳಲಿಲ್ಲ. ಡೈರೆನ್ ಅನ್ನಬೇಡಿ. ದಾಲಿಯನ್ ಅನ್ನಿ."

ದಾಲಿಯನ್ ಎಂದರು ಮುದುಕರು, ಮೆಲ್ಲಗೆ.

ಆಕೆ ಅನ್ನ ಹಾಕಿಸಿಕೊಳ್ಳಲಿಲ್ಲ. ಇನ್ನೊಂದು ರೊಟ್ಟಿ ಕೇಳಿದರು. ಕೈ ತೊಳೆದು ಮತ್ತೆ ಹೊಲಕ್ಕೆ ಬಂದು, ಅನುಮಾನವಿದ್ದ ಕೆಲವು ಗಿಡ ತಾವೇ ಕಿತ್ತುಹಾಕಿ, ಉಳಿದದ್ದೆಲ್ಲ ಸರಿಯಿದೆ ಎಂದರು. ಅದನ್ನು ಕನ್ನಡದಲ್ಲಿ ಹೇಳಿದೆ. ಹೊಲದೊಡತಿ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟಳು.

ತಿರುಗಿ ಬರುವಾಗ, ರಾಣೆಬೆನ್ನೂರು ಹತ್ತಿರ ಬಂದಂತೆ, ಆಕೆ ಮೊಬೈಲಿನಲ್ಲಿ ತಮ್ಮೂರಿನ ಚಿತ್ರ ತೆಗೆದು, ನಿಮ್ಮ ಮನೆ ಯಾವ ಕಡೆ ಇತ್ತು ಎಂದು ಮುದುಕರನ್ನು ಕೇಳಿದರು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಎತ್ತರದ ಕಟ್ಟಡಗಳ ನಡುವೆ ಗುಡ್ಡ ಯಾವುದು, ಬೀದಿ ಯಾವುದು ಒಂದೂ ತಿಳಿಯಲಿಲ್ಲ. ಮೊಬೈಲು ವಾಪಸು ಕೊಟ್ಟರು.

ಮುದುಕರನ್ನು ಇಳಿಸಿ ಮುಂದೆ ಹೋದಮೇಲೆ, ಅನ್ನ ಬೇಡವೆಂದದ್ದಕ್ಕೆ ಆ ಮನೆಯಾಕೆ ನೊಂದುಕೊಂಡಳೇ ಎಂದು ಆಕೆ ನನ್ನನ್ನು ಕೇಳಿದರು. ಇಲ್ಲ, ನೀವು ರೊಟ್ಟಿ ಕೇಳಿ ಉಂಡದ್ದು ಅವಳಿಗೆ ಸೇರಿತು ಎಂದೆ. ಆಕೆ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡರು.