ಕುಡಿಯದವನ ತೂರಾಟ

ಭರಮಣ್ಣ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಆದರೂ ೧೯೫೮ರ ಬೇಸಿಗೆಯಲ್ಲಿ ದಾವಣಗೆರೆಯ ಹತ್ತಿ ಗಿರಣಿಯ ಬಾಗಿಲಲ್ಲಿ ಅವನು ತೂರಾಡಿ ಬಿದ್ದಾಗ ಕಾವಲುಗಾರ, "ಕುಡ್ದು ಬರ್ತೀಯೇನಲೇ?" ಎಂದು ಬೂಟುಗಾಲಲ್ಲಿ ಪಕ್ಕೆಗೆ ಒದ್ದ. ನಿಂತವರು ನಕ್ಕರು. ಬುತ್ತಿ ತಂದಿದ್ದ ಹೆಂಡತಿ ರಂಗವ್ವ ಬುತ್ತಿಯನ್ನು ಅಲ್ಲೇ ಕುಕ್ಕಿ, ಗಂಡನನ್ನು ಹೆಗಲಿಗೆ ಆನಿಸಿಕೊಂಡು ಮನೆಗೆ ತಂದಳು.

ರಂಗವ್ವ ಸಾರಥಿ ಎಂಬ ಹಳ್ಳಿಯ ಒಕ್ಕಲು ಮನೆಯ ಮಗಳು. ಹಾಯುವ ಎಮ್ಮೆಯ ಕೊಂಬು ಹಿಡಿದು ಗೊತ್ತಿತ್ತು. ಹಿರಿಯರಿಗೆ ಎದುರಾಡಿ ಗೊತ್ತಿರಲಿಲ್ಲ. ಎರಡು ತಿಂಗಳಿಂದ ಗಂಡನ ನಡಿಗೆ ಕೆಟ್ಟಿತ್ತು. ಕತ್ತೆತ್ತಿದರೆ ಕಣ್ಣಿಗೆ ಕತ್ತಲೆ, ಹೆಜ್ಜೆ ಇಟ್ಟರೆ ನೆಲವೇ ಜಾರಿದಂತೆ.

ಭಾವ ಲಿಂಗಣ್ಣ ಅದನ್ನು ದೆವ್ವದ ಕಾಟವೆಂದ. ಮರುದಿನ ಬೆಳಿಗ್ಗೆ ಕುಡುಗೋಲನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ತಮ್ಮನನ್ನು ಕೆಡವಿ ಮೀನಖಂಡಕ್ಕೆ ಬರೆ ಎಳೆದ. ಚರ್ಮ ಚುರ್ರೆಂದಿತು. ಭರಮಣ್ಣನ ಚೀರಾಟ ಓಣಿ ತುಂಬಿತು.

"ಇನ್ನೊಂದು ಕಾಲು ಹಿಡಿಯೇ, ರಂಗಿ!"

"ಬ್ಯಾಡ್ರಿ ಭಾವ, ಸತ್ತೇ ಹೋಗ್ತಾರೆ!"

ಅವನು ಕೇಳಲಿಲ್ಲ. ರಂಗವ್ವ ಒಲೆಯಿಂದ ಕೊಳ್ಳಿ ಹಿರಿದು ಅವನ ಮುಂಗೈ ಮೇಲೆ ಬೀಸಿದಳು. ಕುಡುಗೋಲು ಬಿತ್ತು. ಅವನು ಅವಳ ತುರುಬು ಹಿಡಿದು ಗೋಡೆಗೆ ಅಪ್ಪಳಿಸಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಕೊಳ್ಳಿ ಮಾತ್ರ ಅವಳ ಕೈಬಿಡಲಿಲ್ಲ.

"ಮುಂದ್ ಬಂದ್ರೆ ಮಕ ಸುಡ್ತೀನಿ."

ಲಿಂಗಣ್ಣ ಹಿಂದೆ ಸರಿದ.

ಅದೇ ಮಧ್ಯಾಹ್ನ ಗಂಡನನ್ನು ರೈಲು ಹತ್ತಿಸಿ ಹರಿಹರದ ಡಾಕ್ಟರ ಬಳಿ ಕರೆದೊಯ್ದಳು. ಅವರು ಮೊದಲು ಅವಳ ಹುಬ್ಬಿಗೆ ಹೊಲಿಗೆ ಹಾಕಿದರು. ಆಮೇಲೆ ಭರಮಣ್ಣನ ರಕ್ತದೊತ್ತಡ ನೋಡಿ, ಕುತ್ತಿಗೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು.

"ದೆವ್ವ ಅಲ್ಲಮ್ಮ. ಮಿದುಳಿಗೆ ರಕ್ತ ಸಾಕಷ್ಟು ಹೋಗ್ತಿಲ್ಲ. ಔಷಧಿ ಕೊಡ್ತೀನಿ. ಬೀಡಿ ಬಿಡ್ಬೇಕು. ದಿನಾ ಹಿಡಿದು ನಡೆಸ್ರಿ."

"ಪೂರಾ ವಾಸಿ ಆಗ್ತಾರೇನ್ರಿ?"

"ಹಂಗೆ ಹೇಳಾಕ್ ಬರಲ್ಲ. ಬೀಳೋದು ಕಡಿಮೆ ಆಗ್ತೈತೆ."

ಹರಿಹರದಲ್ಲೇ ಕೋಣೆ ಹಿಡಿದು, ಗೋಡೆಯಿಂದ ಗೋಡೆಗೆ ಹಗ್ಗ ಬಿಗಿದು ಗಂಡನನ್ನು ನಡೆಸಿದಳು. ಅವನು ಬಿದ್ದು ಹಲ್ಲು ಮುರಿದುಕೊಂಡ, ಬೈದ, ಕೋಲು ಎಸೆದ. ಒಂದು ದಿನ ಕದ್ದು ಬೀಡಿ ಸೇದುತ್ತಿದ್ದಾಗ ಕೆನ್ನೆಗೆ ಬಾರಿಸಿದಳು. ಬೀಡಿ ಮೂಲೆಗೆ ಹಾರಿತು. ಅವನು ಅತ್ತ.

"ಸಾಯಾಕ್ ಬಿಡು ನನ್ನ."

"ನೀವು ಸಾಯ್ಲಿ ಅಂತ ನಾನು ಏಟು ತಿಂದಿಲ್ಲ. ಏಳ್ರಿ."

ದೀಪಾವಳಿ ಹೊತ್ತಿಗೆ ಭರಮಣ್ಣ ಕೋಲೂರಿ ಹೊಳೆಯ ತನಕ ಒಬ್ಬನೇ ಹೋಗಿ ಬಂದ. ಗಿರಣಿ ಮತ್ತೆ ಕೆಲಸ ಕೊಡಲಿಲ್ಲ. ರಂಗವ್ವ ಭತ್ತದ ಗಿರಣಿಯಲ್ಲಿ ದುಡಿದಳು. ಅವನು ಇನ್ನೂ ಹನ್ನೊಂದು ವರ್ಷ ನಡೆದಾಡಿಕೊಂಡಿದ್ದ. ಆ ಅವಧಿಯಲ್ಲಿ ಲಿಂಗಣ್ಣ ಒಮ್ಮೆ ಬಂದು ಹೊಸ್ತಿಲಲ್ಲಿ ನಿಂತ. ರಂಗವ್ವ ನೀರು ಕೊಟ್ಟಳು, ಒಳಗೆ ಕರೆಯಲಿಲ್ಲ.