ದೇಜಕ್ಕ ಹೇಳಿದ ‘ಇಲ್ಲಡ್ ಉಂಡು’

೧೯೫೮ರಲ್ಲಿ ಸ್ಮಾರಕಗಳ ಸಮೀಕ್ಷೆಗಾಗಿ ನನ್ನನ್ನು ಮೂಡುಬಿದಿರೆಗೆ ಹಾಕಿದರು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಷ್ಟೇ ಆಗಿತ್ತು. ಹಳೆಯ ಬಸದಿ, ದೇಗುಲಗಳನ್ನು ಕಂಡು, ಅಳತೆ ತೆಗೆದು, ಯಾವುದನ್ನು ‘ರಕ್ಷಿತ ಸ್ಮಾರಕ’ಗಳ ಪಟ್ಟಿಗೆ ಸೇರಿಸಬಹುದೆಂದು ವರದಿ ಬರೆಯುವುದು ನನ್ನ ಕೆಲಸ. ಪಟ್ಟಿಗೆ ಸೇರಿದ ಮೇಲೆ ಅದರ ಒಂದು ಕಲ್ಲನ್ನೂ ಯಾರೂ ಮುಟ್ಟುವಂತಿಲ್ಲ. ನಾನು ಮಂಡ್ಯದ ಕಡೆಯವನು. ಕನ್ನಡವೆಂದರೆ ನಾನು ಆಡುವುದೇ ಎಂಬ ಗರ್ವ ಆಗ ಮೂಗಿನ ತುದಿಯಲ್ಲಿತ್ತು, ಕೋಪವೂ ಅಲ್ಲೇ.

ವೇಣೂರಿನಿಂದ ಎರಡು ಮೈಲಿ ಒಳಗೆ ಒಂದು ಪುಟ್ಟ ಬಸದಿ. ಮಾಡು ಕುಸಿದಿತ್ತು, ಪೂಜೆ ನಿಂತಿತ್ತು. ಅದರ ಕಲ್ಲುಗಳನ್ನು ರಸ್ತೆಯ ಮೋರಿಗೆ ಸಾಗಿಸಲು ಗುತ್ತಿಗೆದಾರನೊಬ್ಬ ಅನುಮತಿ ಪಡೆದಿದ್ದ. ಸೋಮವಾರ ಕೆಲಸ ಶುರು. ನಾನು ಹೋದದ್ದು ಶನಿವಾರ. ಕಟ್ಟಡದ ಕಾಲ ಹೇಳುವ ಶಾಸನವೊಂದು ಸಿಕ್ಕಿದರೆ ಕೆಲಸ ತಡೆಯಬಹುದಿತ್ತು. ಗೋಡೆ, ಮೆಟ್ಟಿಲು, ಪೊದೆ ಎಲ್ಲ ಜಾಲಾಡಿದೆ. ಒಂದಕ್ಷರವೂ ಕಾಣಲಿಲ್ಲ.

ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ದೇಜಕ್ಕ ಎಂಬ ಹಿರಿಯ ಹೆಂಗಸನ್ನು ಕರೆದು ಕೇಳಿದೆ, “ಇಲ್ಲಿ ಅಕ್ಷರ ಕೆತ್ತಿದ ಕಲ್ಲು ಇತ್ತೇ?”

“ಉಂಡು ಸ್ವಾಮಿ. ಇಲ್ಲಡ್ ಉಂಡು.”

‘ಉಂಡು’ ಅಂದರೆ ಉಂಟು ಎಂಬಷ್ಟು ತುಳು ಕಲಿತಿದ್ದೆ. “ಇಲ್ಲವೋ, ಉಂಟೋ? ಒಂದು ಹೇಳಮ್ಮ!” ಎಂದು ರೇಗಿದೆ.

“ಇಲ್ಲಡೇ ಉಂಡು!” ಅವರೂ ಧ್ವನಿ ಏರಿಸಿದರು.

ಒಂದೇ ಉಸಿರಿನಲ್ಲಿ ಇಲ್ಲ, ಉಂಟು ಎರಡನ್ನೂ ಹೇಳುವ ಸಾಕ್ಷಿಯನ್ನು ಕಟ್ಟಿಕೊಂಡು ಏನು ಮಾಡುವುದು? ಬಿಸಿಲಿಗೆ ತಲೆ ಬೇರೆ ಸಿಡಿಯುತ್ತಿತ್ತು. ‘ಶಾಸನವಿಲ್ಲ, ಸ್ಥಳೀಯರ ಹೇಳಿಕೆ ಗೊಂದಲಮಯ’ ಎಂದು ಬರೆದು ಲಕೋಟೆ ಅಂಟಿಸಿದೆ.

ವೇಣೂರಿನಲ್ಲಿ ಬಸ್ಸಿಗೆ ಕಾಯುತ್ತ ಮೋನು ಬ್ಯಾರಿಗಳ ಚಹದಂಗಡಿಯಲ್ಲಿ ಕುಳಿತು ಈ ಪ್ರಸಂಗವನ್ನು ತಮಾಷೆಯಾಗಿ ಹೇಳಿದೆ. ಬ್ಯಾರಿಗಳು ನಕ್ಕ ನಗೆಗೆ ಕೈಯಲ್ಲಿದ್ದ ಚಹ ಚೆಲ್ಲಿತು.

“ಎಂತ ಮಾರಾಯ್ರೆ ನೀವು! ತುಳುವಿನಲ್ಲಿ ಇಲ್ಲ್ ಅಂದ್ರೆ ಮನೆ. ಕಲ್ಲು ಮನೆಯಲ್ಲಿ ಉಂಟು ಅಂತ ಅವರು ಹೇಳಿದ್ದು. ಅದೂ ಎರಡು ಸಲ!”

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬಸ್ಸು ಬಂತು, ಹತ್ತಲಿಲ್ಲ. ಎರಡು ಮೈಲಿ ಓಡುನಡಿಗೆಯಲ್ಲಿ ವಾಪಸು ಹೋದೆ.

ದೇಜಕ್ಕ ತಮ್ಮ ಮನೆಯ ಚಾವಡಿಗೆ ಕರೆದೊಯ್ದರು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಗಳ ಹಿಂದೆ, ಗೋಡೆಗೊರಗಿ ನಿಂತಿತ್ತು ಎದೆಯೆತ್ತರದ ಕಲ್ಲು. ಬಸದಿಯ ಮಾಡು ಬಿದ್ದ ವರ್ಷ, ಮಳೆಗೆ ಅಕ್ಷರ ಸವೆಯಬಾರದೆಂದು ಅವರ ಸೋದರಮಾವ ಆಳುಗಳನ್ನು ಕೂಡಿಸಿ ಹೊರಿಸಿ ತಂದಿದ್ದರಂತೆ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಷ್ಷಿನಿಂದ ಬಡಿದು, ಶಾಯಿ ಒತ್ತಿ ಪಡಿಯಚ್ಚು ತೆಗೆದೆ; ಇದನ್ನೇ ನಾವು ಎಸ್ಟಾಂಪೇಜ್ ಎನ್ನುವುದು. ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಎದ್ದು ಬಂದವು. ಬಸದಿಯ ದೀಪಕ್ಕೆ ಗದ್ದೆ ಬಿಟ್ಟುಕೊಟ್ಟ ಹದಿಮೂರು ಸಾಲಿನ ಬರಹ, ಶಕವರ್ಷ ಸಮೇತ! ಕುಣಿಯುವುದೊಂದು ಬಾಕಿ.

ಭಾನುವಾರ ಬೆಳ್ತಂಗಡಿಗೆ ಹೋಗಿ ತಹಶೀಲ್ದಾರರ ಮನೆಯ ಜಗಲಿಯಲ್ಲೇ ಪಡಿಯಚ್ಚು ಬಿಡಿಸಿದೆ. ತಡೆಯಾಜ್ಞೆ ಕೈಗೆ ಬಂತು. ಸೋಮವಾರ ಹಾರೆಗಳೊಂದಿಗೆ ಬಂದ ಗುತ್ತಿಗೆದಾರ ಅದನ್ನು ಓದಿ, ನನ್ನ ಮುಖ ನೋಡಿ, ತನ್ನ ಆಳುಗಳಿಗೆ ಹೇಳಿದ, “ಹೋಗುವ. ಕಲ್ಲಿಗೆ ಬೇರೆ ಕಡೆ ನೋಡುವ.” ಲಾರಿ ತಿರುಗಿತು. ಜೀವಮಾನದಲ್ಲಿ ನನಗೆ ಅಷ್ಟು ಇಂಪಾಗಿ ಕೇಳಿಸಿದ ಲಾರಿಯ ಸದ್ದು ಇನ್ನೊಂದಿಲ್ಲ.

ಬಸದಿ ಪಟ್ಟಿಗೆ ಸೇರಿತು. ಆಮೇಲೆ ಎಷ್ಟೋ ಊರು ಸುತ್ತಿದೆ. ಜನರ ಮಾತು ಗೊಂದಲವೆನಿಸಿದಾಗಲೆಲ್ಲ ಮೊದಲು ನನ್ನ ಕಿವಿಯನ್ನೇ ಅನುಮಾನಿಸುವುದನ್ನು ಈ ಕೆಲಸ ಕಲಿಸಿತು. ಆ ಬಸದಿಯ ಬಗ್ಗೆ ನಾನು ತಿದ್ದಿ ಬರೆದ ವರದಿಯನ್ನು ನೋಡಿದ ಮೇಲಧಿಕಾರಿಗಳು ‘ಶಾಸನ ಪತ್ತೆ ಮಾಡಿದವರು’ ಎಂಬ ಅಂಕಣದ ಮೇಲೆ ಬೆರಳಿಟ್ಟು ಕೇಳಿದ್ದರು, “ಇಲ್ಲಿ ನಿಮ್ಮ ಹೆಸರಲ್ಲವೇನ್ರೀ ಇರಬೇಕಾದ್ದು? ಯಾರು ಈ ದೇಜಕ್ಕ?”

“ಕಲ್ಲು ಕಾಪಾಡಿದ ಮನೆಯವರು ಸರ್. ನಾನು ಅದನ್ನು ಇಲ್ಲವೆಂದು ಬರೆದವನು,” ಎಂದೆ.