ಅಕ್ಕನ ಅತ್ತೆಯ ಬಿಂದಿಗೆ ನೀರು

ನಾನು ಚಿಕ್ಕವಳಿದ್ದಾಗ ನನಗೆ ಮೂಗಿನ ತುದಿಯಲ್ಲೇ ಕೋಪ. ಈಗಲೂ ಹಾಗೇ, ಬೇಕಾದರೆ ನಿಮ್ಮ ತಾತನನ್ನು ಕೇಳಿ. ರಜೆಗೆ ನೆಲ್ಲೂರಿನ ದೊಡ್ಡಪ್ಪನ ಮನೆಗೆ ಹೊರಟಿದ್ದೀರಿ. ಹೊಳೆಯ ದಡದಲ್ಲಿ, ಸಮುದ್ರದ ಕಡೆಗೆ ಇರುವ ಆ ಊರಿನಲ್ಲಿ ದುಡ್ಡು ಕೊಡದೆ ಏನೇನು ನೋಡಬಹುದು ಎಂದು ನಿನ್ನೆಯಿಂದ ಫೋನಿನಲ್ಲಿ ಹುಡುಕುತ್ತಿದ್ದೀರಿ. ಆ ಫೋನನ್ನು ಆಚೆಗಿಟ್ಟು ನನ್ನನ್ನು ಕೇಳಿ. ಅಲ್ಲಿ ಬಿಟ್ಟಿಯಾಗಿ ಸಿಗುವುದನ್ನೆಲ್ಲ ಒಂದೇ ದಿನದಲ್ಲಿ ನೋಡಿ ಬಂದವಳು ನಾನು. ಆ ದಿನವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಊರು ಗೌರಿಬಿದನೂರಿನ ಹತ್ತಿರ, ಉತ್ತರ ಪಿನಾಕಿನಿಯ ದಡದಲ್ಲಿತ್ತು. ನಂದಿಯ ಆಸುಪಾಸಿನ ಬೆಟ್ಟದಲ್ಲಿ ಹುಟ್ಟುವ ಈ ಹೊಳೆ ನಮ್ಮ ಊರ ಮುಂದೆ ಹಾದು, ಆಂಧ್ರಕ್ಕೆ ಹೋಗಿ, ಪೆನ್ನೆ ಎಂದು ಕರೆಸಿಕೊಂಡು, ನೆಲ್ಲೂರಿನ ಆಚೆ ಸಮುದ್ರ ಸೇರುತ್ತದೆ. ಮಳೆಗಾಲ ಮುಗಿದರೆ ನಮ್ಮ ಕಡೆ ಅದರಲ್ಲಿ ಹರಿಯುವ ನೀರಿರುತ್ತಿರಲಿಲ್ಲ. ಬರೀ ಮರಳು. ಆದರೆ ಆ ಮರಳನ್ನು ಮೊಣಕೈ ಆಳ ಕೆರೆದರೆ ಸಾಕು, ಅಡಿಯಿಂದ ತಣ್ಣಗೆ ನೀರು ಒಸರುತ್ತಿತ್ತು. ಆ ಗುಂಡಿಗೆ ಚಿಲುಮೆ ಎನ್ನುತ್ತಿದ್ದೆವು. ಮೊದಲು ಬಂದ ಕದಡಿದ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಚೆಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ, ಆಮೇಲೆ ತಳ ಕಾಣುವ ತಿಳಿನೀರು. ಊರಿಗೆಲ್ಲ ಕುಡಿಯಲು ಅದೇ.

ಅಕ್ಕನ ಮದುವೆ ಬೇಸಿಗೆಯಲ್ಲಿ ನಮ್ಮೂರಿನಲ್ಲೇ ನಡೆದಿತ್ತು. ಗಂಡಿನ ಕಡೆಯವರು ನೆಲ್ಲೂರಿನವರು, ಅವರ ಮನೆಮಾತು ತೆಲುಗು. ಗಡಿ ಹತ್ತಿರವಿದ್ದ ನಮಗೂ ತೆಲುಗು ಬರುತ್ತಿತ್ತು, ಹಾಗಾಗಿ ಬೈದರೆ ಪೂರ್ತಿ ಅರ್ಥವಾಗುತ್ತಿತ್ತು. ಮದುವೆಯ ಬೆಳಗ್ಗೆ ನಮ್ಮ ಹೆಂಗಸರು ಹೊಳೆಯಲ್ಲಿ ಚಿಲುಮೆ ತೋಡುತ್ತಾ ಕೂತಿದ್ದನ್ನು ಅಕ್ಕನ ಅತ್ತೆ ನೋಡಿದಳು. "ಇದೇನು, ಕೋಳಿಗಳ ಹಾಗೆ ಕೆರೆದು ನೀರು ಕುಡೀತಾರಾ ಇವರು?" ಎಂದು ಚಪ್ಪರದ ಕೆಳಗೆ ಎಲ್ಲರ ಮುಂದೆ ತೆಲುಗಿನಲ್ಲಿ ಆಡಿಕೊಂಡು ನಕ್ಕಳು. ಅಪ್ಪ ತಲೆ ತಗ್ಗಿಸಿದರು. ನನಗೆ ಆಕೆಯ ರೇಷ್ಮೆ ಸೀರೆಯ ಮೇಲೆ ಸಾರು ಚೆಲ್ಲಬೇಕು ಎನ್ನಿಸಿತ್ತು, ಅಮ್ಮ ಕೈ ಹಿಡಿದುಕೊಂಡಿದ್ದಳು.

ಆಣೆಗಳು ಹೋಗಿ ನಯಾ ಪೈಸೆ ಬಂದ ಹೊಸತರಲ್ಲಿ ಅಕ್ಕ ಬಸುರಿಯಾದಳು. ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕು ಎನ್ನುವುದು ನಮ್ಮಲ್ಲಿ ಎಲ್ಲರೂ ನಡೆಸಿಕೊಂಡು ಬಂದ ಪದ್ಧತಿ. ಅಪ್ಪ ಎಷ್ಟು ಹೇಳಿ ಕಳಿಸಿದರೂ ಅತ್ತೆ ಮನೆಯವರು ಕಳಿಸಲಿಲ್ಲ. ಅಕ್ಕನ ಗಂಡ ಮದರಾಸಿನಲ್ಲಿ ಕೆಲಸಕ್ಕಿದ್ದರು, ತಾಯಿಯ ಮಾತಿಗೆ ಎದುರಾಡುವವರಲ್ಲ. ಅಕ್ಕ ಸೊರಗಿ ಕಡ್ಡಿಯಾಗಿದ್ದಾಳೆ, ತುಂಬು ಬಸುರಿಯ ಕೈಯಲ್ಲೂ ಭತ್ತ ಕುಟ್ಟಿಸುತ್ತಾರೆ ಎಂದು ಯಾರೋ ಬಂದು ಹೇಳಿದ ಮೇಲೆ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಅಪ್ಪ ತಾವೇ ಹೋಗಿ ಕರೆತರಲು ಹೊರಟರು. ಬರುವಾಗ ಬಸುರಿಯ ಜೊತೆಗೆ ಒಂದು ಹೆಣ್ಣುಜೀವ ಇರಲಿ ಎಂದು ಅಮ್ಮ ನನ್ನನ್ನು ಕಳಿಸಿದಳು. "ಬಾಯಿ ಮುಚ್ಕೊಂಡಿರ್ಬೇಕು, ತಿಳೀತೇನೇ?" ಎಂದು ಹತ್ತು ಸಲ ಹೇಳಿದಳು.

ಗೌರಿಬಿದನೂರಿನಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಬದಲಿಸಿ, ಗೂಡೂರಿನಲ್ಲಿ ಮತ್ತೆ ಬದಲಿಸಿ ನೆಲ್ಲೂರಿಗೆ ಇಳಿದಾಗ ಬೆಳಗಾಗಿತ್ತು. ಇಂಜಿನ್ನಿನ ಮಸಿ ನನ್ನ ಲಂಗದ ಮೇಲೆಲ್ಲ ಕೂತಿತ್ತು. ಆಗಲೇ ಬೆವರು, ಅಂಟು, ನೊಣ. ಗಾಳಿಗೆ ಮೀನಿನ ವಾಸನೆ. ಆ ಊರು ನನಗೆ ಕಾಲಿಟ್ಟ ಗಳಿಗೆಯಿಂದಲೇ ಸೇರಲಿಲ್ಲ.

ಅಕ್ಕನ ಅತ್ತೆ ಪಡಸಾಲೆಯ ತೂಗುಮಣೆಯ ಮೇಲೆ ಕೂತಿದ್ದಳು. ಏಳಲಿಲ್ಲ. ಕೂರಿ ಎಂದೂ ಅನ್ನಲಿಲ್ಲ, ಕಾಲಿಗೆ ನೀರೂ ಕೊಡಲಿಲ್ಲ. "ನಮ್ಮ ಮನೆಯ ಹಿಂದೆಯೇ ಪೆನ್ನಮ್ಮ ಹರಿಯುತ್ತಾಳೆ. ಇಲ್ಲಿ ನೀರಿಗೆ ಬರವಿಲ್ಲ. ಮರಳು ಕೆರೆಯುವ ಊರಿನಲ್ಲಿ ನನ್ನ ಮೊಮ್ಮಗು ಹುಟ್ಟಬೇಕಾ?" ಎಂದಳು. ಮನೆಯ ಯಜಮಾನರು, ಅಂದರೆ ಅಕ್ಕನ ಮಾವ, ಸಂಜೆಗೆ ಬರುತ್ತಾರೆ, ಏನಿದ್ದರೂ ಅವರ ಮುಂದೆ ಮಾತಾಡಿ ಎಂದು ಮುಖ ತಿರುಗಿಸಿದಳು. ಆಕೆಯ ಮಗಳು, ನನ್ನಷ್ಟೇ ವಯಸ್ಸಿನವಳು, ಕಂಬದ ಹಿಂದೆ ನಿಂತು ನನಗೆ ನಾಲಿಗೆ ಚಾಚಿ ಅಣಕಿಸಿದಳು. ನಾನೂ ಚಾಚಿದೆ, ಅವಳಿಗಿಂತ ಉದ್ದಕ್ಕೆ.

ಒಳಬಾಗಿಲಿನಲ್ಲಿ ಅಕ್ಕ ಕಂಡಳು. ಹೊಟ್ಟೆ ಮಾತ್ರ ಮುಂದಿತ್ತು, ಮಿಕ್ಕಂತೆ ಮೂಳೆ. ಅತ್ತೆ ಆ ಕಡೆ ತಿರುಗಿದಾಗ ಮೆಲ್ಲಗೆ, "ನನ್ನ ಇಲ್ಲೇ ಬಿಟ್ಟು ಹೋಗ್ಬೇಡ ಕಣಪ್ಪಾ" ಎಂದಳು. ಅಪ್ಪನ ಕತ್ತಿನ ನರ ಉಬ್ಬಿತು. "ಇವಳನ್ನ ಕಳಿಸಿಕೊಡೋವರ್ಗೂ ಈ ಮನೇಲಿ ನಾನು ನೀರು ಮುಟ್ಟಲ್ಲ. ಬಾರಮ್ಮ, ಊರು ನೋಡಣ" ಎಂದು ನನ್ನ ಕೈ ಹಿಡಿದು ಹೊರಗೆ ಬಂದರು. ಅಪ್ಪನ ಜೇಬಿನಲ್ಲಿ ಇದ್ದದ್ದು ಮೂವರ ರೈಲಿನ ಖರ್ಚು ಮಾತ್ರ. ಸಂಜೆಯವರೆಗೆ ಆ ಊರಿನಲ್ಲಿ ಬಿಟ್ಟಿ ಸಿಕ್ಕಿದ್ದಷ್ಟೇ ನಮಗೆ.

ಮೊದಲು ಹೊಳೆದಂಡೆಯ ರಂಗನಾಥನ ಗುಡಿ. ಗೋಪುರ ನೋಡಲು ತಲೆ ಎತ್ತಿ ಎತ್ತಿ ನನ್ನ ಕತ್ತು ನೋವಾಯಿತು. ಒಳಗಿನ ಕಲ್ಲುಚಪ್ಪಡಿ ಮಾತ್ರ ತಣ್ಣಗಿತ್ತು, ಅದನ್ನು ಒಪ್ಪುತ್ತೇನೆ. ಅಲ್ಲಿ ಕೊಟ್ಟ ಪುಳಿಯೋಗರೆ ಖಾರವಾಗಿ ಕಣ್ಣಲ್ಲಿ ನೀರು ಬಂತು. ಇನ್ನೊಂದು ಸಲ ಕೈ ಚಾಚಿದ್ದಕ್ಕೆ ಕೊಡುವವರು ಗದರಿದರು. ಆಮೇಲೆ ರೈಲುಸೇತುವೆ. ಅದರ ಕೆಳಗೆ ನಿಂತಾಗ ಮೇಲೆ ಗಾಡಿ ಹೋಯಿತು. ಎದೆಯೊಳಗೆಲ್ಲ ಗಡಗಡ ಎಂದಿತು, ಕಿವಿ ಮುಚ್ಚಿಕೊಂಡೆ. ಅಲ್ಲಿ ಆಡುತ್ತಿದ್ದ ಹುಡುಗರು ನನ್ನ ತೆಲುಗನ್ನು ಕೇಳಿ ಅದನ್ನೇ ಎಳೆದೆಳೆದು ಹೇಳಿ ನಕ್ಕರು. ಬಿಟ್ಟಿ ಗಾಳಿ, ಬಿಟ್ಟಿ ನೆರಳು, ಬಿಟ್ಟಿ ಬೈಗುಳ. ಆ ಊರಿನಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ.

ಸಮುದ್ರ ತೋರಿಸುತ್ತೇನೆ ಎಂದು ಅಪ್ಪ ಊರಲ್ಲೇ ಮಾತು ಕೊಟ್ಟಿದ್ದರು. ಮೀನಿನ ಬುಟ್ಟಿ ಹೇರಿಕೊಂಡು ಬಂದ ಗಾಡಿಯವನನ್ನು ಕೇಳಿದರೆ, ಈಗ ಹೊರಟರೆ ರಾತ್ರಿಗೂ ತಿರುಗಿ ಬರಲಾಗದು ಎಂದ. ನಾನು ಅಲ್ಲೇ ದಂಡೆಯ ಮೇಲೆ ಕೂತು, ಸುಳ್ಳು ಹೇಳಿದ್ರಿ, ಸುಳ್ಳು ಹೇಳಿದ್ರಿ ಎಂದು ಕಾಲು ಬಡಿದು ಅಳತೊಡಗಿದೆ. ಅಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಅಪ್ಪ ಬಿಚ್ಚಿದರು. ಒಣಗಿದ ರಾಗಿರೊಟ್ಟಿ, ಹುಚ್ಚೆಳ್ಳಿನ ಪುಡಿ. ಅಳುತ್ತಲೇ ತಿಂದೆ. ನೀರು ಬೇಕಾಯಿತು.

ನೀರಿಗೆಂದು ಹೊಳೆಗೆ ಇಳಿದಾಗಲೇ ನಾನು ಆ ಹೊಳೆಯನ್ನು ಸರಿಯಾಗಿ ನೋಡಿದ್ದು. ಅಗಲವೇನೋ ಬಹಳ ಅಗಲ, ಆಚೆ ದಡದ ಜನ ಇರುವೆಗಳಷ್ಟು ಕಾಣುತ್ತಿದ್ದರು. ಆದರೆ ಬೇಸಿಗೆಯಲ್ಲಿ ಅದರ ತುಂಬ ಮರಳು! ದೂರದಲ್ಲಿ ಒಂದು ಕಡೆ ನಿಂತ ನೀರಿತ್ತು. ಅದರಲ್ಲಿ ಎಮ್ಮೆಗಳು ಬಿದ್ದಿದ್ದವು, ಅಗಸರು ಬಟ್ಟೆ ಒಗೆಯುತ್ತಿದ್ದರು. ಈಚೆ ಮರಳಿನಲ್ಲಿ ಸಾಲಾಗಿ ಹೆಂಗಸರು ಕುಕ್ಕರಗಾಲಿನಲ್ಲಿ ಕೂತು ಕೆರೆಯುತ್ತಿದ್ದರು. ಚಿಲುಮೆ! ಅದೇ ಗುಂಡಿ, ಅದೇ ಚಿಪ್ಪು.

ಸಾಲಿನ ಕೊನೆಯಲ್ಲಿ ಆ ನಾಲಿಗೆ ಚಾಚಿದ ಹುಡುಗಿ ಇದ್ದಳು. ಪಕ್ಕದಲ್ಲಿ ಹೊಟ್ಟೆ ನೆಗ್ಗಿದ ಒಂದು ಹಿತ್ತಾಳೆ ಬಿಂದಿಗೆ. ನನ್ನನ್ನು ನೋಡಿದವಳೇ, "ಕೋಳಿ ಬಂತು, ಕೋಳಿ!" ಎಂದು ಕೂಗಿದಳು. ತಾನು ಮೊಣಕೈವರೆಗೆ ಮರಳಿನಲ್ಲಿ ಕೈ ಹೂತುಕೊಂಡೇ ಕೂಗಿದಳು, ಅದು ಅವಳಿಗೆ ಹೊಳೆಯಲೇ ಇಲ್ಲ. ಈ ನೀರು ಯಾರಿಗೆ ಎಂದೆ. "ಅಮ್ಮನಿಗೆ. ನಮ್ಮಮ್ಮ ಬೇರೆ ನೀರು ಮುಟ್ಟುವುದಿಲ್ಲ" ಎಂದು ಜಂಭದಿಂದ ಹೇಳಿದಳು. ನನಗೆ ನಗು ತಡೆಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಒಂದು ಹಿಡಿ ಮರಳು ಎರಚಿದಳು. ನಾನು ಅವಳ ಜಡೆ ಹಿಡಿದು ಎಳೆದೆ. ಇಬ್ಬರೂ ಅವಳ ಚಿಲುಮೆಯ ಮೇಲೆಯೇ ಬಿದ್ದು ಹೊರಳಾಡಿದೆವು. ಅಪ್ಪ ಓಡಿ ಬಂದು ಬಿಡಿಸಿ, ನನ್ನ ಬೆನ್ನಿಗೆ ಒಂದು ಕೊಟ್ಟರು. ಅವಳು ಅಳುತ್ತಾ ಬೇರೆ ಗುಂಡಿ ತೋಡಿ, ಬಿಂದಿಗೆ ತುಂಬಿಕೊಂಡು ಹೋದಳು.

ಸಂಜೆ ಮಾವನವರು ಬಂದರು. ಮಾತು ಕಡಿಮೆಯ ಮನುಷ್ಯ. ಬಂದವರಿಗೆ ನೀರು ಕೊಟ್ಟಿರಾ ಎಂದು ಕೇಳಿದರು. ಹುಡುಗಿ ಒಳಗಿನಿಂದ ಅದೇ ನೆಗ್ಗಿದ ಬಿಂದಿಗೆ ತಂದು ಅಪ್ಪನಿಗೆ, ಮಾವನಿಗೆ, ಅತ್ತೆಗೆ ಚೊಂಬಿನಲ್ಲಿ ಕೊಟ್ಟಳು. ಅಪ್ಪ ಚೊಂಬನ್ನು ಮುಟ್ಟಲಿಲ್ಲ. ಅತ್ತೆ ಮಾತ್ರ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ಇದು ನೀರು ಅಂದರೆ! ನಿಮ್ಮ ಊರಿನಲ್ಲಿ ನನ್ನ ಮೊಮ್ಮಗುವಿಗೆ ಇಂಥ ನೀರು ಎಲ್ಲಿಂದ ತರುತ್ತೀರಿ? ಅವಳನ್ನು ಕಳಿಸುವುದಿಲ್ಲ" ಎಂದಳು. ಒಳಬಾಗಿಲಿನಲ್ಲಿ ಅಕ್ಕನ ಬಿಕ್ಕು ಕೇಳಿಸಿತು.

ಅಮ್ಮ ಹತ್ತು ಸಲ ಹೇಳಿದ್ದು ನನಗೆ ಮರೆತೇ ಹೋಯಿತು. ಕೋಪ ಬಂದಾಗ ನನ್ನ ಬಾಯಿಗೆ ಕನ್ನಡವೇ ಬರುತ್ತಿತ್ತು. "ಅದೂ ಕೆರೆದಿದ್ದೇ! ಮರಳು ಕೆರೆದಿದ್ದು! ನಿಮ್ಮ ಮಗಳೇ ಕೋಳಿ ಥರ ಕೂತು ಕೆರೆದ್ಳು, ನಾನೇ ನೋಡಿದ್ದೀನಿ. ಅವಳ ಮೊಣಕೈ ನೋಡ್ರೀ!" ಎಂದು ಕಿರುಚಿ, ಅರ್ಥವಾಗದಿದ್ದರೆ ಎಂದು ತೆಲುಗಿನಲ್ಲೂ ಒಂದು ಸಲ ಕಿರುಚಿದೆ. ಹುಡುಗಿ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಮಾವನವರಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿ, ಕೆಮ್ಮೋ ನಗುವೋ ತಿಳಿಯದ ಸದ್ದು ಬಂತು.

ಅಪ್ಪ ನನ್ನನ್ನು ಹಿಂದಕ್ಕೆ ಎಳೆದುಕೊಂಡು, ಕೈ ಮುಗಿದು, ತೆಲುಗಿನಲ್ಲಿ ನಿಧಾನವಾಗಿ ಹೇಳಿದರು: "ಅಮ್ಮಾ, ನಿಮ್ಮ ಹೊಳೆ ನಮ್ಮ ಬೆಟ್ಟದಲ್ಲಿ ಹುಟ್ಟಿ ನಿಮ್ಮ ಮನೆಗೆ ಬಂದದ್ದು. ನನ್ನ ಮಗಳೂ ಹಾಗೇ. ಹೊಳೆಯಂತೂ ಹಿಂದಕ್ಕೆ ಬರಲಾರದು. ಇವಳು ಒಂದು ಸಲ ಬಂದು ಹೋಗಲಿ." ಅತ್ತೆಯ ಮುಖ ಕೆಂಡವಾಗಿತ್ತು. ಆಕೆ ಅಪ್ಪನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಈ ಬಾಯಿಬಡುಕಿ ನನ್ನ ಮನೆಯಲ್ಲಿ ಇನ್ನೊಂದು ಗಳಿಗೆ ಇರಬಾರದು. ಇಬ್ಬರನ್ನೂ ಕರೆದುಕೊಂಡು ಹೋಗಿ" ಎಂದಳು. ಮಾವನವರು, ರೈಲಿಗೆ ಹೊತ್ತಾಯಿತು ಎಂದು ಎದ್ದರು. ಅಕ್ಕ ಗಂಟು ಕಟ್ಟಿಯೇ ಇಟ್ಟಿದ್ದಳು. ನಾವು ಮೆಟ್ಟಿಲು ಇಳಿಯುವ ಮೊದಲೇ ಹಿಂದೆ ಬಾಗಿಲು ಧಡ್ ಎಂದಿತು. ಬೀದಿಯ ಕೊನೆಯವರೆಗೂ ಅಕ್ಕ ನನ್ನ ಕೈ ಬಿಡಲಿಲ್ಲ.

ಮಗು ನಮ್ಮೂರಿನಲ್ಲೇ ಹುಟ್ಟಿತು. ಅದೇ ಈಗ ನಿಮ್ಮನ್ನು ಕರೆದಿರುವ ದೊಡ್ಡಪ್ಪ. ನಾಮಕರಣಕ್ಕೆ ಅತ್ತೆ ಬಂದಳು, ಬಿಗಿದುಕೊಂಡ ಮುಖದಲ್ಲೇ. ಚಿಲುಮೆಯ ನೀರನ್ನು ನಾನೇ ತಂದು ಕೊಟ್ಟೆ. ಕುಡಿದಳು. ಚೆನ್ನಾಗಿದೆ ಎನ್ನಲಿಲ್ಲ, ಖಾಲಿ ಚೊಂಬನ್ನು ಮತ್ತೆ ನನ್ನ ಕಡೆ ಚಾಚಿದಳು. ಆ ಹುಡುಗಿಗೂ ನನಗೂ ಮಾತ್ರ ಇವತ್ತಿಗೂ ಅಷ್ಟಕ್ಕಷ್ಟೇ.

ಈಗ ನೀವು ಪ್ಯಾಕ್ ಮಾಡುತ್ತಿದ್ದೀರಿ. ಚೀಲದಲ್ಲಿ ಅಂಗಡಿಯಿಂದ ಕೊಂಡ ನೀರಿನ ಬಾಟಲಿಗಳು ಸಾಲಾಗಿ ನಿಂತಿವೆ. ನಿಮಗೆ ಕಾರಿದೆ, ಸಮುದ್ರವನ್ನೂ ನೋಡಿ ಬರುತ್ತೀರಿ. ನೋಡಿ ಬನ್ನಿ, ನನಗದು ಇನ್ನೂ ಬಾಕಿಯೇ. ಆದರೆ ಹೋಗುವ ಮೊದಲು ನಮ್ಮ ಹೊಳೆಯನ್ನು ಒಮ್ಮೆ ನೋಡಿ, ಅದಕ್ಕೂ ದುಡ್ಡಿಲ್ಲ. ಮರಳನ್ನೆಲ್ಲ ಲಾರಿಗಳು ಹೊತ್ತುಕೊಂಡು ಹೋಗಿ ಮನೆ ಕಟ್ಟಿದ್ದಾಯಿತು. ಈ ಮನೆಗೂ ಅದೇ ಮರಳು ಬಂದಿದೆ. ಉಳಿದಿರುವುದು ಜಾಲಿಮುಳ್ಳು, ಮರಳು ಅಗೆದ ಹಳ್ಳ. ನಿಮ್ಮ ಕೈಗೊಂದು ಚಿಪ್ಪು ಕೊಟ್ಟು ಕಳಿಸೋಣವೆಂದರೆ ಕೆರೆಯುವುದಕ್ಕೆ ಏನೂ ಇಲ್ಲ. ಬಾಯಿಬಡುಕಿ ಎನ್ನಿಸಿಕೊಂಡವಳು ನಾನು. ಈಗ ಆ ಅತ್ತೆ ಎದ್ದು ಬಂದು, ನಿಮ್ಮ ಊರಿನಲ್ಲಿ ಮಗುವಿಗೆ ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿದರೆ, ನನ್ನ ಹತ್ತಿರ ಮಾತಿಲ್ಲ.